ಅರಿಶಿನ ಹಚ್ಚಿದ ಎಂಟು ಕಾಲು

ಕೆರೆಕೋಡಿಯ ಪಕ್ಕದಲ್ಲಿ ಒಂದು ಲಕ್ಕಿ ಪೊದೆ. ಅದರ ಮೇಲೆ ಯಾರೂ ನೆಡದೆ ತಾನಾಗಿ ಹಬ್ಬಿದ ಕುಂಬಳದ ಬಳ್ಳಿ. ಇವೆರಡರ ನಡುವೆ ಬಲೆ ಕಟ್ಟಿಕೊಂಡು ದೇವೀರಮ್ಮ ಎಂಬ ಜೇಡ ವಾಸವಾಗಿದ್ದಳು. ಬಲೆಯ ಮೂಲೆಯಲ್ಲಿ, ಎಲೆಯ ಮರೆಗೆ, ಅವಳ ಮೊಟ್ಟೆಗಳ ಚೀಲ ತೂಗುತ್ತಿತ್ತು. ಇನ್ನೇನು ಮರಿಗಳು ಹೊರಬರುವ ಕಾಲ.

ಎಂಟು ಕಣ್ಣಿನ ಜೇಡಕ್ಕೆ ಏನು ಕಷ್ಟ ಅಂದುಕೊಳ್ಳಬೇಡಿ ಮಕ್ಕಳೇ. ಬಲೆ ನೇಯುವ ಜೇಡಕ್ಕೆ ಆ ಕಣ್ಣುಗಳಲ್ಲಿ ಕಾಣುವುದು ಅಷ್ಟಕ್ಕಷ್ಟೇ. ಕಿವಿಯಂತೂ ಇಲ್ಲವೇ ಇಲ್ಲ. ಕಿವಿ, ಮೂಗು, ನಾಲಗೆ ಎಲ್ಲದರ ಕೆಲಸವನ್ನೂ ಕಾಲೇ ಮಾಡಬೇಕು. ಕಾಲಿನ ನವಿರು ಕೂದಲಿಗೆ ಗಾಳಿಯ ಅಲುಗಾಟವೂ ಮಾತಿನ ದನಿಯೂ ತಿಳಿಯುತ್ತದೆ, ಪಾದದ ಕೂದಲಿಗೆ ರುಚಿ ತಿಳಿಯುತ್ತದೆ, ಗೆಣ್ಣಿನ ಹತ್ತಿರದ ಸಣ್ಣ ಸೀಳುಗಳಿಗೆ ಎಳೆಯ ನಡುಕ ತಿಳಿಯುತ್ತದೆ. ಅದಕ್ಕೇ ದೇವೀರಮ್ಮ ದಿನಾ ಬೆಳಿಗ್ಗೆ ಒಂದೊಂದೇ ಕಾಲನ್ನು ಬಾಯಿಗೆ ತಂದು, ನಿಧಾನವಾಗಿ ಎಳೆದು, ಧೂಳು ತೆಗೆಯುತ್ತಿದ್ದಳು. ಅವಳ ಕುಲದವರೆಲ್ಲ ಮಾಡುವುದೂ ಅದನ್ನೇ.

ಆ ಪೊದೆಗೆ ಕಡ್ಡಿಕಾಲ ಎಂಬ ಕಳ್ಳ ಜೇಡ ಆಗಾಗ ಬರುತ್ತಿದ್ದ. ಬಲೆಯ ಅಂಚಿನಲ್ಲಿ ಕೂತು, ನೊಣ ಸಿಕ್ಕಿಬಿದ್ದ ಹಾಗೆ ಎಳೆ ಮೀಟುವುದು, ಮನೆಯವಳು ಅತ್ತ ಓಡಿದಾಗ ಇತ್ತ ಮೊಟ್ಟೆ ಕದಿಯುವುದು, ಇದು ಅವನ ಕಸುಬು. ದೇವೀರಮ್ಮನ ಹತ್ತಿರ ಮಾತ್ರ ಆಟ ನಡೆದಿರಲಿಲ್ಲ. ಹೆದರಿದ ನೊಣ ಹೇಗೆಂದರೆ ಹಾಗೆ ಒದ್ದಾಡುತ್ತದೆ, ಇವನೋ ಒಂದೇ ಸಮನೆ ತಾಳ ಹಾಕುತ್ತಾನೆ. ಎಳೆಯ ಮೇಲೆ ಕಾಲಿಟ್ಟೊಡನೆ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಬಲೆಯನ್ನು ಜಾಡಿಸಿ ಅವನನ್ನು ಕೆಡವುತ್ತಿದ್ದಳು.

ನೆರೆಮನೆಯವಳು ಕೆಂಚಮ್ಮ, ಕೆಂಪು ಮೈಗೆ ಕರಿ ಚುಕ್ಕೆ ಇಟ್ಟುಕೊಂಡ ಗುಲಗಂಜಿ ಹುಳು. ಮೈ ಕಹಿಯಾದ್ದರಿಂದ ಅವಳನ್ನು ಯಾವ ಜೇಡವೂ ತಿನ್ನುತ್ತಿರಲಿಲ್ಲ. ಹಾಗಾಗಿ ಧೈರ್ಯವಾಗಿ ಬಂದು ಕೂತು ಹರಟುತ್ತಿದ್ದಳು. ಒಂದು ಬೆಳಿಗ್ಗೆ ದೇವೀರಮ್ಮ ಕಾಲು ಉಜ್ಜಿಕೊಳ್ಳುವುದನ್ನು ನೋಡಿ ಮೂಗು ಮುರಿದಳು.

"ದೇವೀರಕ್ಕ, ಬೇಜಾರು ಮಾಡ್ಕೋಬೇಡ. ಮಕ್ಕಳು ಹುಟ್ಟೋ ಮನೆ, ನಾಲ್ಕು ಜನ ಬಂದು ಹೋಗ್ತಾರೆ. ಎಲ್ಲರೆದುರು ಕಾಲನ್ನ ಬಾಯಿಗೆ ಹಾಕ್ಕೊಂಡು ಕೂತ್ರೆ ಏನು ಚೆಂದ? ಮುತ್ತೈದೆ ಥರ ಕಾಲಿಗೆ ಅರಿಶಿನ ಹಚ್ಕೋ."

ಅರಿಶಿನ ಎಲ್ಲಿಂದ ತರುವುದೆಂದು ದೇವೀರಮ್ಮ ಕೇಳಿದಳು. ಕೆಂಚಮ್ಮ ಅರಳಿದ ಕುಂಬಳದ ಹೂವನ್ನು ತೋರಿಸಿದಳು. ಅದರ ಪರಾಗ ಹಳದಿ ಹಳದಿಯಾಗಿ ಉದುರುತ್ತಿತ್ತು. ದೇವೀರಮ್ಮ ಎಂಟೂ ಕಾಲಿಗೆ ದಟ್ಟವಾಗಿ ಬಳಿದುಕೊಂಡಳು. ನೋಡಲು ಬಂದ ಮಿಡತೆ ದೂರದಿಂದಲೇ ಹೊಗಳಿತು, ಬಸವನಹುಳು ಎರಡೆರಡು ಸಲ ಹೊಗಳಿತು. ದೇವೀರಮ್ಮ ಉಬ್ಬಿಹೋದಳು. ಬಣ್ಣ ಹೋದೀತೆಂದು ಮರುದಿನ ಕಾಲು ಉಜ್ಜಲಿಲ್ಲ, ಅದರ ಮರುದಿನವೂ ಇಲ್ಲ. ಪರಾಗ ಧೂಳಿನೊಂದಿಗೆ ಸೇರಿ ಕಾಲಿನ ಕೂದಲಿಗೆ ಗಟ್ಟಿಯಾಗಿ ಮೆತ್ತಿಕೊಂಡಿತು.

ಅಷ್ಟರಲ್ಲಿ ಒಂದು ಒಣಗಿದ ಎಲೆ ಬಲೆಗೆ ಬಿತ್ತು. ಅದು ಕಣ್ಣೆದುರು ಕಪ್ಪಾಗಿ ಕಾಣುವವರೆಗೂ ಅವಳಿಗೆ ತಿಳಿಯಲೇ ಇಲ್ಲ. ಒಂದು ಕ್ಷಣ ಮನಸ್ಸಿಗೆ ಕಸಿವಿಸಿಯಾಯಿತು. ವಯಸ್ಸಾಗುತ್ತಿರಬೇಕೆಂದು ಸಮಾಧಾನ ಮಾಡಿಕೊಂಡು ಸುಮ್ಮನಾದಳು. ನೋಡಿ, ಆಗಲೇ ಒಂದು ಕಾಲನ್ನಾದರೂ ಬಾಯಿಗೆ ತಂದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಅಂದೇ ಮಧ್ಯಾಹ್ನ ಕಡ್ಡಿಕಾಲ ಬಂದ. ದೂರದ ಅಂಚಿನಲ್ಲಿ ಕೂತು ಎಳೆ ಮೀಟಿದ. ದೇವೀರಮ್ಮನ ಕಾಲಿಗೆ ಏನೋ ಮಂಕಾಗಿ ಅಲುಗಿದಂತಾಯಿತು. ತಾಳವೋ ಒದ್ದಾಟವೋ ತಿಳಿಯಲಿಲ್ಲ. ನೊಣವೇ ಇರಬೇಕೆಂದು ಅತ್ತ ಓಡಿದಳು. ಅವಳು ಖಾಲಿ ಮೂಲೆಯಲ್ಲಿ ತಡಕಾಡುತ್ತಿರುವಾಗ ಕಳ್ಳ ಎಲೆಯ ಹಿಂದಿನಿಂದ ಸುತ್ತಿ ಬಂದು ಚೀಲಕ್ಕೆ ಬಾಯಿ ಹಾಕಿದ.

ಕೆಂಚಮ್ಮ ಅದನ್ನು ಕಂಡಳು. "ಅಕ್ಕಾ, ಚೀಲ ನೋಡು, ಚೀಲ!" ಎಂದು ಕೂಗಿದಳು, ರೆಕ್ಕೆ ಬಡಿದಳು. ಮೊದಲಾಗಿದ್ದರೆ ಆ ರೆಕ್ಕೆಯ ಗಾಳಿಯೇ ಸಾಕಿತ್ತು. ಈಗ ಪರಾಗ ಮೆತ್ತಿದ ಕೂದಲು ಏನನ್ನೂ ಹೇಳಲಿಲ್ಲ. ಬೇರೆ ದಾರಿ ಕಾಣದೆ ಕೆಂಚಮ್ಮ ಬಲೆಯ ಮೇಲೇ ಧುಮುಕಿದಳು. ಅಂಟಿಗೆ ಸಿಕ್ಕಿ, ಇಡೀ ಬಲೆ ಜೋಲಾಡುವಂತೆ ಒದ್ದಾಡಿದಳು. ಆಗ ದೇವೀರಮ್ಮ ತಿರುಗಿದಳು. ಓಡಿ ಬಂದು ಕಳ್ಳನ ಮೇಲೆ ಬಿದ್ದಳು. ಅವನು ಎಳೆ ಹಿಡಿದು ಇಳಿದು ತಪ್ಪಿಸಿಕೊಂಡ. ಚೀಲದ ಒಂದು ಬದಿ ಹರಿದಿತ್ತು, ಆ ಬದಿಯ ಮೊಟ್ಟೆಗಳು ಇರಲಿಲ್ಲ.

ದೇವೀರಮ್ಮ ಹರಿದ ಚೀಲದ ಮೇಲೆ ಕಾಲಿಟ್ಟು ನೋಡಿದಳು. ಒಳಗೆ ಯಾರಾದರೂ ಬದುಕಿದ್ದಾರೋ ಇಲ್ಲವೋ, ಕಾಲಿಗೆ ಏನೂ ತಿಳಿಯಲಿಲ್ಲ. ಅವಳಿಗೆ ಅಳು ಬಂತು. ಮೊದಲು ಕೆಂಚಮ್ಮನ ಸುತ್ತಲಿನ ಎಳೆ ಕತ್ತರಿಸಿ ಬಿಡಿಸಿದಳು. ಆಮೇಲೆ ಅಲ್ಲೇ, ಎಲ್ಲರೆದುರೇ ಕೂತು, ಒಂದು ಕಾಲನ್ನು ಬಾಯಿಗೆ ತಂದು ಪರಾಗ ತೆಗೆಯತೊಡಗಿದಳು. ಕೆಂಚಮ್ಮ ತಲೆ ತಗ್ಗಿಸಿ ಕಾದಳು.

ಶುಚಿಯಾದ ಕಾಲನ್ನು ದೇವೀರಮ್ಮ ಮತ್ತೆ ಚೀಲದ ಮೇಲಿಟ್ಟಳು. ಒಳಗಿನ ನಡುಕ ಸಿಗುವುದೇನೋ ಎಂದು ಮೆಲ್ಲಗೆ ಒತ್ತಿ ಹಿಡಿದಳು.

"ಇದ್ದಾರಾ ಅಕ್ಕ?" ಕೆಂಚಮ್ಮ ಮೆಲ್ಲಗೆ ಕೇಳಿದಳು.

"ಇದ್ದಾರೆ," ಎಂದಳು ದೇವೀರಮ್ಮ. "ಒಳಗಿಂದ ಒದೀತಿದ್ದಾರೆ. ಎಲ್ಲರೂ ಇಲ್ಲ ಕಣೇ. ಆದ್ರೆ ಇದ್ದಾರೆ." ಹಾಗೆಂದು ಅವಳು ಎರಡನೆಯ ಕಾಲನ್ನು ಬಾಯಿಗೆ ತಂದಳು.

ನೀತಿ: ನೋಡುವವರು ಮೆಚ್ಚಲೆಂದು, ನಮ್ಮನ್ನು ಕಾಯುವ ಅಭ್ಯಾಸವನ್ನು ಬಿಡಬಾರದು.