ಸಿಂಗಪುರದಲ್ಲಿ ಎರಡನೇ ಚಟ್ನಿ

ತಿಪಟೂರಿನ ದೋಸೆ ಹೋಟೆಲಿನ ಮಾಲೀಕರಾದ ಪಾಲಾಕ್ಷಯ್ಯನವರು ಸಿಂಗಪುರದಲ್ಲೊಂದು ಶಾಖೆ ತೆರೆದರು. ಅಡುಗೆಭಟ್ಟನನ್ನು ಅಲ್ಲಿಗೆ ಕಳಿಸುವಾಗ ಗುಡುಗಿದರು: "ಎಲ್ಲವೂ ಇಲ್ಲಿಯಂತೆಯೇ ಇರಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ನಿನ್ನ ಕೆಲಸ ಹೋಯಿತು!"

"ಗಿರಾಕಿ ಎರಡನೇ ಸಲ ಚಟ್ನಿ ಕೇಳಿದರೆ, ಸ್ವಾಮಿ?"

"ಇಲ್ಲೇನು ಮಾಡುತ್ತೀಯೆ? ಕೇಳಿಸದವನಂತೆ ಗೋಡೆ ನೋಡು!"

ಮೂರು ತಿಂಗಳಾದ ಮೇಲೆ ಪಾಲಾಕ್ಷಯ್ಯನವರು ತಪಾಸಣೆಗೆ ಬಂದು ದೋಸೆಗೆ ಕುಳಿತರು.

"ಇನ್ನಷ್ಟು ಚಟ್ನಿ!"

ಭಟ್ಟ ಗೋಡೆ ನೋಡಿದ.

"ಚಟ್ನಿ ಕಣೋ!"

ಮಾಣಿಗಳೆಲ್ಲ ಗೋಡೆ ನೋಡಿದರು. ಅಲ್ಲೇನಿದೆಯೋ ಎಂದು ಗಿರಾಕಿಗಳೂ ನೋಡಿದರು.

ಒಣದೋಸೆ ಗಂಟಲಿಗೆ ಸಿಕ್ಕಿ ಮಾಲೀಕರು ಕಿರುಚಿದರು: "ಕೇಳಿದವರಿಗೆಲ್ಲ ಚಟ್ನಿ ಬಡಿಸೋ!"

ಭಟ್ಟ ತಕ್ಷಣ ಕಾಗದ, ಪೆನ್ನು ಮುಂದಿಟ್ಟ. "ಅದನ್ನೇ ಬರೆದುಕೊಡಿ, ಸ್ವಾಮಿ. ತಿಪಟೂರಿಗೂ ಕಳಿಸುತ್ತೇನೆ. ಎರಡೂ ಕಡೆ ಒಂದೇ ಥರ ಇರಬೇಕಲ್ಲ!"