ಕಾಡುಪಾಪನ ಯುಕುಲೆಲೆ

ಬಿದಿರು ಮೆಳೆಗಳ ನಡುವೆ ಒಂದು ಕೊಳವಿತ್ತು. ಅದರ ದಂಡೆಯಲ್ಲಿ ದಿನಾ ಸಂಜೆ ಮೂವರು ಗೆಳೆಯರು ಸೇರುತ್ತಿದ್ದರು. ಒಬ್ಬ ಮುಂಗುಸಿ, ಒಬ್ಬಳು ಅಳಿಲು, ಇನ್ನೊಬ್ಬ ಕಾಡುಪಾಪ, ಅಂದರೆ ಮರದ ಮೇಲೆ ಮೆಲ್ಲಗೆ ಓಡಾಡುವ ದುಂಡು ಕಣ್ಣಿನ ಪುಟ್ಟ ಪ್ರಾಣಿ. ಮೂವರ ಕೈಯಲ್ಲೂ ಒಂದೊಂದು ಯುಕುಲೆಲೆ. ಯುಕುಲೆಲೆ ಗೊತ್ತಲ್ಲ ಮಕ್ಕಳೇ? ಗಿಟಾರಿನ ತಮ್ಮನ ಹಾಗೆ ಪುಟ್ಟದು. ನಾಲ್ಕೇ ತಂತಿ.

ಅವರಿಗೆ ಯಾರೂ ಕಲಿಸಿದವರಿಲ್ಲ, ಬಂದಂತೆ ನುಡಿಸುತ್ತಿದ್ದರು. ಅಳಿಲು ಹಾಡಿನ ಪದ ಮರೆತು ಬಾಯಿಗೆ ಬಂದದ್ದು ಹಾಡುತ್ತಿದ್ದಳು. ಕಾಡುಪಾಪನದು ಎಲ್ಲದರಲ್ಲೂ ನಿಧಾನ. ಉಳಿದಿಬ್ಬರು ಹಾಡು ಮುಗಿಸಿದ ಮೇಲೂ ಅವನ ತಂತಿ ಒಂದೆರಡು ಸಲ 'ಟಿಂಗ್' ಎನ್ನುತ್ತಿತ್ತು. ಆಗ ಮೂವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಕಾಡುಪಾಪನೇ.

ಒಂದು ದಿನ ಆನೆಗಳ ಹಿರಿಯಜ್ಜಿ ಕೊಳಕ್ಕೆ ಬಂದಳು.

"ನಾಡಿದ್ದು ನಮ್ಮ ಮರಿಗೆ ಹೆಸರಿಡುತ್ತೇವೆ ಕಣ್ರಪ್ಪಾ. ನೀವು ಬಂದು ನುಡಿಸಬೇಕು."

"ಖಂಡಿತ ಬರುತ್ತೇವೆ ಅಜ್ಜಿ!" ಎಂದ ಮುಂಗುಸಿ.

ಆದರೆ ಅಂದಿನಿಂದ ಅವನ ಮುಖದಲ್ಲಿ ನಗು ಮಾಯವಾಯಿತು. ಇಡೀ ಕಾಡು ಬರುತ್ತದೆ. ಎಲ್ಲರೂ ತನ್ನನ್ನು ಹೊಗಳಬೇಕು. ಹಗಲೆಲ್ಲ ಅವನಿಗೆ ಅದೇ ಯೋಚನೆ.

ಹೆಸರಿಡುವ ದಿನ ಅವನು ಕಾಡುಪಾಪನನ್ನು ಬದಿಗೆ ಕರೆದ.

"ಇವತ್ತು ನೀನು ಸುಮ್ಮನೆ ಕೂತಿರು. ಕೈ ಆಡಿಸಿದ ಹಾಗೆ ಮಾಡು. ತಂತಿ ಮಾತ್ರ ಮುಟ್ಟಬೇಡ."

"ಯಾಕಣ್ಣ?"

"ನೀನು ಮುಟ್ಟಿದರೆ ಹಾಡು ಕೆಡುತ್ತೆ."

ಕಾಡುಪಾಪ ತನ್ನ ದೊಡ್ಡ ಕಣ್ಣುಗಳಿಂದ ಅವನನ್ನೇ ನೋಡಿದ.

"ದಿನಾ ಕೆಡುತ್ತಿತ್ತಾ?" ಎಂದು ಮೆಲ್ಲಗೆ ಕೇಳಿದ.

ಮುಂಗುಸಿ ತಲೆ ತಗ್ಗಿಸಿ ತಂತಿ ಬಿಗಿ ಮಾಡುತ್ತಾ ಕೂತ.

ಅಂದು ಅಳಿಲೂ ಪದ ಮರೆಯಲಿಲ್ಲ, ಹಾಡಿನಲ್ಲಿ ಒಂದು ತಪ್ಪೂ ಆಗಲಿಲ್ಲ. ಜಿಂಕೆಗಳು ತಲೆದೂಗಿದವು, ಮಂಗಗಳು ಚಪ್ಪಾಳೆ ತಟ್ಟಿದವು. "ಭೇಷ್!" ಎಂದಳು ಹಿರಿಯಜ್ಜಿ. ಮುಂಗುಸಿ ಬೀಗುತ್ತಾ ಪಕ್ಕಕ್ಕೆ ತಿರುಗಿದ. ಕಾಡುಪಾಪ ಅಲ್ಲಿರಲಿಲ್ಲ. ಅವನ ಯುಕುಲೆಲೆ ಮಾತ್ರ ಹುಲ್ಲಿನ ಮೇಲೆ ಬಿದ್ದಿತ್ತು.

ಮರುದಿನ ಸಂಜೆ ಅವನು ಕೊಳಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾಲ್ಕನೆಯ ದಿನ ಅಳಿಲೂ ತನ್ನ ಯುಕುಲೆಲೆ ಎತ್ತಿಕೊಂಡು ಎದ್ದು ನಿಂತಳು.

"ನಿನಗೇನಾಯಿತೇ? ನೀನು ಚೆನ್ನಾಗೇ ನುಡಿಸುತ್ತೀಯಲ್ಲ!" ಎಂದ ಮುಂಗುಸಿ.

"ಕಾಡುಪಾಪನಿಗೆ ನೀನು ಹೇಳಿದ್ದು ನನಗೂ ಕೇಳಿಸಿತು. ನನ್ನ ಬೆರಳು ತಪ್ಪಿದ ದಿನ ನನ್ನನ್ನೂ ಸುಮ್ಮನೆ ಕೂರಿಸುತ್ತೀಯ. ಆ ಭಯದಲ್ಲಿ ನನಗೆ ಹಾಡು ಬರೋದಿಲ್ಲಣ್ಣ," ಎಂದು ಹೇಳಿ ಅವಳು ಮರ ಹತ್ತಿ ಹೊರಟುಹೋದಳು.

ಮುಂಗುಸಿ ಒಬ್ಬನೇ ನುಡಿಸಿ ನೋಡಿದ. ಎಲ್ಲಾ ಸ್ವರ ಸರಿಯಾಗಿಯೇ ಬಂತು, ಆದರೂ ಮನಸ್ಸಿಗೆ ಹಿಡಿಸಲಿಲ್ಲ. ಕೊನೆಗೆ ಅವನು ಕಾಡುಪಾಪನ ಯುಕುಲೆಲೆ ಹಿಡಿದು ಕಾಡೆಲ್ಲ ಹುಡುಕಿದ. ದೂರದ ಅತ್ತಿಮರದ ಕೊಂಬೆಯಲ್ಲಿ ಕಾಡುಪಾಪ ಮುದುಡಿ ಕೂತಿದ್ದ.

"ತಪ್ಪಾಯಿತು ಕಣೋ. ಬಾ, ಮೊದಲಿನ ಹಾಗೆ ನುಡಿಸೋಣ," ಎಂದ ಮುಂಗುಸಿ.

"ನಿನ್ನ ಮೇಲೆ ಕೋಪ ಇಲ್ಲಣ್ಣ," ಎಂದ ಕಾಡುಪಾಪ. "ಆದರೆ ತಂತಿ ಅಂದರೆ ಸಾಕು, ನೀನು ಹೇಳಿದ ಮಾತೇ ಕಿವಿಗೆ ಬರುತ್ತೆ. ಕೈ ಏಳೋದಿಲ್ಲ."

ಮುಂಗುಸಿ ಯುಕುಲೆಲೆಯನ್ನು ಆ ಮರದ ಬೇರಿನ ಮೇಲೆ ಇಟ್ಟು ಒಬ್ಬನೇ ಹಿಂತಿರುಗಿದ. ಆ ಮೂವರು ಕೂಡಿ ಹಾಡಿದ್ದನ್ನು ಕಾಡು ಮತ್ತೆ ಕೇಳಲಿಲ್ಲ.

ನೀತಿ: ಹೊಗಳಿಕೆಯ ಆಸೆಗೆ ಗೆಳೆಯನ ಮನಸ್ಸು ಮುರಿಯಬಾರದು, ಕ್ಷಮೆ ಸಿಕ್ಕರೂ ಮುರಿದದ್ದು ಮೊದಲಿನಂತಾಗುವುದಿಲ್ಲ.