ಕರೆಗಂಟೆಯ ಮನೆ

"ಗುರುಗಳೇ, ಯಾರ ಹಂಗೂ ಇಲ್ಲದೆ ಬದುಕುವುದೇ ಸುಖವಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ. ಆಶ್ರಮ ಬಿಟ್ಟು ಬೆಟ್ಟದ ಮೇಲೆ ಒಬ್ಬನೇ ಇರಲು ಅವನು ಅಪ್ಪಣೆ ಕೇಳಲು ಬಂದಿದ್ದ. ಉಳಿದವರೆಲ್ಲ ಒಬ್ಬೊಬ್ಬರಾಗಿ ಹೋಗಿಯಾಗಿತ್ತು. ಮುದಿ ಗುರುವಿನ ಬಳಿ ಉಳಿದಿದ್ದವನು ಇವನೊಬ್ಬನೇ.

ಗುರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಹೆಂಡತಿ ತೀರಿಕೊಂಡ ಮೇಲೆ ಹಳೆಯ ಮನೆ ಬೇಸರವಾಗಿ ಹೊಸದನ್ನು ಕಟ್ಟಿಸಲು ಹೊರಟ. ಗಂಡನಿಲ್ಲದ ಅಕ್ಕ, "ನಾನೂ ಬಂದು ನಿನ್ನ ಜೊತೆಗಿರಲೇನೋ?" ಎಂದು ಕೇಳಿದ್ದಳು. "ಮನೆಯಾಗಲಿ, ನೋಡೋಣ" ಎಂದು ಸುಮ್ಮನಾಗಿದ್ದ.

ಪಕ್ಕದ ಪಟ್ಟಣದಲ್ಲಿ ಬಟ್ಟೆ ಗಿರಣಿಯ ಧಣಿಗಳು ಕಟ್ಟಿಸಿದ ಹಳೆಯ ಬಂಗಲೆಯಿತ್ತು. ಆ ಮನೆಯಲ್ಲಿ ಯಾರೂ ಯಾರನ್ನೂ ದನಿಯೆತ್ತಿ ಕೂಗಬೇಕಾಗಿರಲಿಲ್ಲವೆಂದು ಜನ ಹೇಳುತ್ತಿದ್ದರು. ಗಿರಣಿ ಮುಚ್ಚಿದ ಮೇಲೆ ಬಂಗಲೆಯನ್ನು ನೋಡಲು ಬರುವವರಿಗೆ ತೆರೆದಿಟ್ಟಿದ್ದರು. ವರ್ತಕ ಹೋದ. ಆ ಮನೆಯ ಮುದಿ ಸೊಸೆಯೇ ಅವನಿಗೆ ಕೋಣೆ ಕೋಣೆ ತೋರಿಸಿದಳು.

ಹಿರಿಯ ಧಣಿಯ ಮಂಚದ ಪಕ್ಕ ಗೋಡೆಯಲ್ಲೊಂದು ಬಿಳಿಯ ಗುಂಡಿಯಿತ್ತು. ಒತ್ತಿದರೆ ಅಡುಗೆಮನೆಯಲ್ಲಿ ಗಂಟೆ ಹೊಡೆಯುತ್ತಿತ್ತು, ಆಳು ಓಡಿ ಬರುತ್ತಿದ್ದ.

"ಇಂಥದ್ದೇ ನನಗೂ ಬೇಕು" ಎಂದ ವರ್ತಕ.

"ಕೊನೆಗಾಲದಲ್ಲಿ ಮಾವನವರು ಇದನ್ನು ಬಿಡುತ್ತಲೇ ಇರಲಿಲ್ಲ" ಎಂದು ಸೊಸೆ ನಕ್ಕಳು. "ನೀರು ಎನ್ನುವರು. ತಂದರೆ ಒಂದು ಗುಟುಕು ಕುಡಿದು ಇಡುವರು. ಆಳು ಕೆಳಗಿಳಿಯುವಷ್ಟರಲ್ಲಿ ಮತ್ತೆ ಗಂಟೆ. ಕಿಟಕಿ ತೆಗಿ ಎನ್ನುವರು, ಆಮೇಲೆ ಮುಚ್ಚು ಎನ್ನುವರು. ಪಾಪ, ಎಲ್ಲಕ್ಕೂ ಇನ್ನೊಬ್ಬರನ್ನು ಕಾಯಬೇಕಲ್ಲ ಎಂದು ನಾವೇ ಎಲ್ಲವನ್ನೂ ಅವರ ಕೈಗೆಟುಕುವಂತೆ ಇಟ್ಟುಬಿಟ್ಟೆವು. ಗಾಜಿನ ಹೂಜಿ, ಎಲೆಯಡಿಕೆ ತಟ್ಟೆ, ಕಿಟಕಿಗೊಂದು ಹಗ್ಗ. ಗಂಟೆ ನಿಂತಿತು."

"ನೆಮ್ಮದಿಯಾಗಿದ್ದರು ಅನ್ನಿ."

"ಮತ್ತೇನು! ಒಮ್ಮೆ ಮಾತ್ರ ಹೂಜಿ ಬಿದ್ದು ಒಡೆಯಿತು. ಮನೆಮಂದಿಯೆಲ್ಲ ಓಡಿದೆವು. ಚೂರು ಹೆಕ್ಕಿ ನೆಲ ಒರೆಸುವವರೆಗೂ ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತನಾಡಿಸಿದರು. ಅವರು ಅಷ್ಟು ಗೆಲುವಾಗಿದ್ದುದನ್ನು ನಾನು ಕಂಡೇ ಇರಲಿಲ್ಲ. ಮರುದಿನ ಹಿತ್ತಾಳೆಯ ಹೂಜಿ ತರಿಸಿಟ್ಟೆವು. ಒಡೆಯುವ ಚಿಂತೆಯೇ ತಪ್ಪಿತು, ನೋಡಿ."

ವರ್ತಕ ಬಹಳ ಹೊತ್ತು ಆ ಮಂಚವನ್ನೇ ನೋಡುತ್ತ ನಿಂತ. ಉಳಿದ ಕೋಣೆಗಳನ್ನು ನೋಡದೆ ಹೊರಬಂದು ನೇರವಾಗಿ ಅಕ್ಕನ ಮನೆಗೆ ಹೋದ.

"ಏನಪ್ಪಾ, ಏನು ಬೇಕಿತ್ತು?" ಎಂದಳು ಅಕ್ಕ.

ಬಂದು ನನ್ನ ಜೊತೆಗಿರು ಎಂಬ ಮಾತು ಗಂಟಲವರೆಗೆ ಬಂತು. ಯಾರನ್ನೂ ಏನನ್ನೂ ಕೇಳಿ ಅವನಿಗೆ ಅಭ್ಯಾಸವಿರಲಿಲ್ಲ. "ಏನೂ ಬೇಡ, ಈ ಕಡೆ ಬಂದಿದ್ದೆ" ಎಂದ.

"ಏನೂ ಬೇಡದವನು ಹೊಸ್ತಿಲಲ್ಲಿ ಯಾಕೆ ನಿಂತೆಯೋ? ಒಳಗೆ ಬಾ, ಮಜ್ಜಿಗೆಯನ್ನಾದರೂ ಕುಡಿ."

ಅವನು ಮಜ್ಜಿಗೆ ಕುಡಿದು ಎದ್ದು ಬಂದ. ಅಕ್ಕ ಮತ್ತೊಮ್ಮೆ ಕೇಳಲಿಲ್ಲ. ನಾದಿನಿಯ ಮನೆಯವರು ಕರೆದರೆಂದು ಆ ವರ್ಷವೇ ದೂರದ ಊರಿಗೆ ಹೊರಟುಹೋದಳು. ವರ್ತಕನ ಮನೆ ಮುಗಿಯಿತು. ಗಂಟೆಯನ್ನು ಅವನು ಹಾಕಿಸಲಿಲ್ಲ.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಜೊತೆಗಿರು ಎಂಬ ಒಂದು ಮಾತು! ಅದನ್ನು ಹೇಳಲು ಅವನಿಗೇನು ಕಷ್ಟವಿತ್ತು?" ಎಂದ.

ಗುರು ಅವನ ಕಡೆ ನೋಡದೆ ಹೇಳಿದರು: "ಕಷ್ಟವಪ್ಪಾ, ಇಲ್ಲದಿದ್ದರೆ ನಾನು ನಿನಗೆ ಇಷ್ಟುದ್ದ ಕತೆ ಹೇಳುತ್ತಿದ್ದೆನೇ?"